ಮೀನುಗಳನ್ನು ದೊಡ್ಡ ತೊಟ್ಟಿಗೆ ಸಾಗಿಸುವಲ್ಲಿ ಅಮೋನಿಯದ ಸಮಸ್ಯೆ

ಪ್ರಾಣಿಶಾಸ್ತ್ರವನ್ನು ಬೋಧಿಸುವ ಕಾಲೇಜುಗಳಲ್ಲಿ ಮೀನುಗಳನ್ನು ಸಾಕುವ ಗಾಜಿನ ತೊಟ್ಟಿಯೊಂದು ಇರುವುದು ವಾಡಿಕೆ. ಮೀನುಗಳು ಬೆಳೆದಂತೆಲ್ಲ ತೊಟ್ಟಿ ಇಕ್ಕಟ್ಟಾಗುತ್ತದೆ. ಅನುಕೂಲ ಒದಗಿದಾಗ ಅವನ್ನು ವಿಶಾಲವಾದ ಮತ್ತೊಂದು ತೊಟ್ಟಿಗೆ ಸಾಗಿಸಲಾಗುತ್ತದೆ. ಹೊಸ ತೊಟ್ಟಿಯನ್ನು ತೊಳೆದು, ಹೊಸ ಜಲ್ಲಿಯನ್ನು ಹಾಸಿ, ತಿಳಿನೀರು ತುಂಬಿ, ಹೊಸ ಶೋಧಕವನ್ನು ಜೋಡಿಸಿ ಮೀನುಗಳನ್ನು ಬಿಟ್ಟ ಮೇಲೆ ಒಂದೆರಡು ದಿನ ಎಲ್ಲವೂ ಸೊಗಸಾಗಿಯೇ ಇರುತ್ತದೆ. ಅನಂತರ ಮೀನುಗಳು ಮೇವನ್ನು ಮುಟ್ಟುವುದಿಲ್ಲ; ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡುತ್ತವೆ; ಕಿವಿರುಗಳು ಕೆಂಪೇರುತ್ತವೆ; ವಾರ ಕಳೆಯುವುದರೊಳಗೆ ಒಂದೆರಡು ಸತ್ತು ತೇಲುತ್ತವೆ. ಹಳೆಯ, ಇಕ್ಕಟ್ಟಾದ, ಪಾಚಿಗಟ್ಟಿದ ತೊಟ್ಟಿಯಲ್ಲಿ ವರ್ಷಗಟ್ಟಲೆ ಬಾಳಿದ ಮೀನುಗಳು ಶುಭ್ರವಾದ ಹೊಸ ತೊಟ್ಟಿಯಲ್ಲಿ ವಾರ ಬಾಳದೆ ಹೋಗುವುದು ನೋಡುವವರಿಗೆ ವಿಚಿತ್ರವಾಗಿ ತೋರುತ್ತದೆ. ‘ನೀರು ಒಗ್ಗಲಿಲ್ಲ’ ಎಂದು ಹೇಳಿ ಸುಮ್ಮನಾಗುವುದೇ ಹೆಚ್ಚು. ವಾಸ್ತವವಾಗಿ ಹೊಸ ನೀರಿನಲ್ಲಿ ಏನಿತ್ತು ಎಂಬುದಕ್ಕಿಂತ ಹೊಸ ತೊಟ್ಟಿಯಲ್ಲಿ ಏನಿರಲಿಲ್ಲ ಎಂಬುದನ್ನು ಇಲ್ಲಿ ವಿಚಾರಿಸಬೇಕು.

ಮೀನು ತಿಂದ ಪ್ರೋಟೀನಿನಲ್ಲಿ ದೇಹವನ್ನು ಕಟ್ಟಲು ಬೇಕಾದಷ್ಟು ಉಳಿದು, ಮಿಕ್ಕುದು ಶಕ್ತಿಗಾಗಿ ವ್ಯಯವಾಗುತ್ತದೆ. ಆಗ ಅದರಲ್ಲಿದ್ದ ಸಾರಜನಕ ಅಮೋನಿಯದ ರೂಪವನ್ನು ತಾಳುತ್ತದೆ. ಅಮೋನಿಯ ವಿಷ, ಅದನ್ನು ದೇಹದಲ್ಲಿ ಇಟ್ಟುಕೊಳ್ಳುವಂತಿಲ್ಲ. ಸಸ್ತನಿಗಳು ಅದನ್ನು ಯೂರಿಯವನ್ನಾಗಿಯೂ, ಹಕ್ಕಿಗಳು ಯೂರಿಕಾಮ್ಲವನ್ನಾಗಿಯೂ ಮಾರ್ಪಡಿಸಿ ವಿಸರ್ಜಿಸುತ್ತವೆ. ಈ ಮಾರ್ಪಾಟಿಗೆ ಶಕ್ತಿಯ ವೆಚ್ಚವುಂಟು. ಸುತ್ತಲೂ ನೀರಿರುವ ಮೀನಿಗೆ ಆ ವೆಚ್ಚ ಅನಾವಶ್ಯಕ. ಅಮೋನಿಯ ನೇರವಾಗಿ ರಕ್ತದಿಂದ ನೀರಿಗೆ ಹರಿದುಹೋಗುತ್ತದೆ. ಅಮೆರಿಕದ ಶರೀರಶಾಸ್ತ್ರಜ್ಞ ಹೋಮರ್ ಸ್ಮಿತ್ 1929ರಲ್ಲಿ ಕಾರ್ಪ್ ಮತ್ತು ಗೋಲ್ಡ್ ಫಿಷ್‌ಗಳ ಮೇಲೆ ಪ್ರಯೋಗಗಳನ್ನು ನಡೆಸಿ, ಸಾರಜನಕದ ವಿಸರ್ಜನೆಯಲ್ಲಿ ಬಹುಭಾಗ ಮೂತ್ರಪಿಂಡಗಳ ಮೂಲಕವಲ್ಲ, ಕಿವಿರುಗಳ ಮೂಲಕ ನಡೆಯುತ್ತದೆಂಬುದನ್ನು ತೋರಿಸಿಕೊಟ್ಟನು. ತೊಟ್ಟಿಯ ತಳದ ಹಿಕ್ಕೆಯನ್ನು ದಿನವೂ ಹೀರಿ ತೆಗೆದರೆ ಅಮೋನಿಯದ ಕಾಟ ತಪ್ಪುವುದೆಂಬ ನಂಬಿಕೆ ಏಕೆ ಪೂರ್ತಿ ಸರಿಯಲ್ಲವೆಂಬುದು ಇದರಿಂದ ತಿಳಿಯುತ್ತದೆ. ಹಿಕ್ಕೆ ಕೊಳೆತು ಸ್ವಲ್ಪ ಅಮೋನಿಯವನ್ನು ಕೊಡುವುದು ನಿಜ. ಆದರೆ ಹೆಚ್ಚಿನ ಪಾಲು ಮೀನಿನ ಉಸಿರಾಟದೊಡನೆಯೇ ನೀರನ್ನು ಸೇರುತ್ತಿರುತ್ತದೆ. ನೀರಿನಲ್ಲಿ ಅಮೋನಿಯ ಹೆಚ್ಚಿದಂತೆ ರಕ್ತದಿಂದ ಹೊರಕ್ಕೆ ಹರಿಯುವ ಈ ಪ್ರವಾಹ ಕುಂಠಿತವಾಗುತ್ತದೆ. ಕಡೆಗೆ ಮೀನು ತನ್ನದೇ ವಿಷವನ್ನು ತನ್ನೊಳಗೇ ಹೊತ್ತು ನರಳುತ್ತದೆ.

ಹಳೆಯ ತೊಟ್ಟಿಯಲ್ಲಿ ಈ ವಿಷ ಏಕೆ ಶೇಖರವಾಗಲಿಲ್ಲ? ಅಲ್ಲಿ ಅದನ್ನು ತಿನ್ನುವವು ಇದ್ದುವು. ಅಮೋನಿಯ ನೈಟ್ರೇಟಾಗಿ ಮಾರ್ಪಡುವುದು ಕೇವಲ ರಾಸಾಯನಿಕ ಕ್ರಿಯೆಯೆಂದು ಬಹುಕಾಲ ಭಾವಿಸಲಾಗಿತ್ತು. 1877ರಲ್ಲಿ ಫ್ರಾನ್ಸಿನ ಷ್ಲೋಸಿಂಗ್ ಮತ್ತು ಮ್ಯುಂಟ್ಸ್ ಎಂಬಿಬ್ಬರು ಮರಳು ಮತ್ತು ಸುಣ್ಣಕಲ್ಲನ್ನು ತುಂಬಿದ ಕೊಳವೆಯ ಮೂಲಕ ಚರಂಡಿಯ ರೊಚ್ಚನ್ನು ನಿಧಾನವಾಗಿ ಇಳಿಯಬಿಟ್ಟರು. ಇಪ್ಪತ್ತು ದಿನ ಯಾವ ಬದಲಾವಣೆಯೂ ಕಾಣಲಿಲ್ಲ. ಅನಂತರ ನೈಟ್ರೇಟು ಕಾಣಿಸಿಕೊಂಡಿತು. ಕ್ಲೋರೋಫಾರಂ ಆವಿಯನ್ನು ಹಾಯಿಸಿದೊಡನೆ ಕ್ರಿಯೆ ನಿಂತಿತು. ಆವಿಯನ್ನು ತೆಗೆದು, ಫಲವತ್ತಾದ ಮಣ್ಣನ್ನು ಕಲಸಿದ ನೀರನ್ನು ಹನಿಸಿದ ಮೇಲೆ ಅದು ಮತ್ತೆ ಆರಂಭವಾಯಿತು. ಕ್ರಿಯೆ ಜೀವಿಗಳದೆಂಬುದು ಇದರಿಂದ ಸಿದ್ಧವಾಯಿತು. 1890ರ ಸುಮಾರಿನಲ್ಲಿ ವಿನೋಗ್ರಾಡ್‌ಸ್ಕಿ ಆ ಜೀವಾಣುಗಳನ್ನು ಬೇರ್ಪಡಿಸಿ, ಕೆಲವು ಅಮೋನಿಯವನ್ನು ನೈಟ್ರೈಟಾಗಿಯೂ, ಇನ್ನು ಕೆಲವು ನೈಟ್ರೈಟನ್ನು ನೈಟ್ರೇಟಾಗಿಯೂ ಮಾರ್ಪಡಿಸುವುವೆಂದು ತೋರಿಸಿದನು. ಪಠ್ಯಪುಸ್ತಕಗಳಲ್ಲಿ ಎರಡನೆಯ ಹಂತಕ್ಕೆ ನೈಟ್ರೋಬ್ಯಾಕ್ಟರ್ ಎಂಬ ಹೆಸರೇ ಇಂದಿಗೂ ಕಾಣುತ್ತದೆ; ಆದರೆ ಮೀನಿನ ತೊಟ್ಟಿಗಳಲ್ಲಿ ಆ ಕೆಲಸವನ್ನು ಮುಖ್ಯವಾಗಿ ಮಾಡುವುದು ನೈಟ್ರೋಸ್ಪೈರ ಎಂಬ ಕುಲವೆಂದು 1998ರಲ್ಲಿ ತಿಳಿದುಬಂದಿತು. 2015ರಲ್ಲಿ ಎರಡೂ ಹಂತಗಳನ್ನು ಒಂದೇ ಜೀವಾಣು ನಿರ್ವಹಿಸಬಲ್ಲದೆಂಬ ಸಂಗತಿಯೂ ಪ್ರಕಟವಾಯಿತು. ಅದೂ ನೈಟ್ರೋಸ್ಪೈರ ಕುಲದ್ದೇ. ಅಧ್ಯಾಪಕರು ತಮ್ಮ ಟಿಪ್ಪಣಿಗಳನ್ನು ಈ ಮಟ್ಟಿಗೆ ತಿದ್ದಿಕೊಳ್ಳುವುದು ಒಳ್ಳೆಯದು.

ಹೆಸರಿಗಿಂತ ಮುಖ್ಯವಾದುದು ಇವುಗಳ ನೆಲೆ. ಇವು ನೀರಿನಲ್ಲಿ ತೇಲಾಡುತ್ತಿರುವುದು ಅತ್ಯಲ್ಪ. ಶೋಧಕದ ಸ್ಪಂಜು, ಜಲ್ಲಿ, ಗಾಜಿನ ಗೋಡೆ, ಗಿಡಗಳ ಎಲೆ ಇವುಗಳ ಮೇಲೆ ಲೋಳೆಯ ತೆಳುಪದರವೊಂದನ್ನು ಹೊದೆದು ಅಂಟಿಕೊಂಡಿರುತ್ತವೆ. ಆಮ್ಲಜನಕವನ್ನು ಹೊತ್ತ ನೀರು ಎಲ್ಲಿ ಎಡೆಬಿಡದೆ ಹರಿಯುತ್ತದೆಯೋ ಅಲ್ಲಿ, ಎಂದರೆ ಶೋಧಕದಲ್ಲಿ, ಅವುಗಳ ಸಾಂದ್ರತೆ ಅತ್ಯಧಿಕ. ಹಾಲಿಗೆ ಹೆಪ್ಪು ಹಾಕುವವರು ಹಳೆಯ ಮೊಸರಿನ ಒಂದು ತೊಟ್ಟು ಸಾಕೆಂದು ಬಲ್ಲರು. ಅದೇ ತರ್ಕದಿಂದ ಹಳೆಯ ತೊಟ್ಟಿಯ ನೀರನ್ನು ‘ಪಕ್ವವಾದ ನೀರು’ ಎಂದು ಹೊಸದಕ್ಕೆ ಸುರಿಯುವವರು ಉಂಟು. ಹೋಲಿಕೆ ಅರ್ಧ ಮಾತ್ರ ಸರಿ. ಮೊಸರಿನ ಜೀವಾಣುಗಳು ಮೊಸರಿನಲ್ಲೆಲ್ಲ ಹರಡಿಕೊಂಡಿರುತ್ತವೆ ಮತ್ತು ಒಂದು ರಾತ್ರಿಯೊಳಗೆ ಹಲವು ಮಡಿ ಹೆಚ್ಚುತ್ತವೆ. ಅಮೋನಿಯವನ್ನು ಉಣ್ಣುವ ಜೀವಾಣುಗಳು ಅಂಟಿಕೊಂಡಲ್ಲಿಂದ ಏಳುವುದಿಲ್ಲ. ಅನುಕೂಲ ಪರಿಸ್ಥಿತಿಯಲ್ಲಿಯೂ ಒಮ್ಮೆ ಇಮ್ಮಡಿಯಾಗಲು ಅರ್ಧ ದಿನದಿಂದ ಒಂದೆರಡು ದಿನಗಳು ಬೇಕು. ಹೊಸ ತೊಟ್ಟಿಯೊಂದು ಏನೂ ಇಲ್ಲದ ಸ್ಥಿತಿಯಿಂದ ಪಕ್ವವಾಗಲು ಮೂರರಿಂದ ಆರು ವಾರಗಳು ಹಿಡಿಯುವುದು ಇದರಿಂದಲೇ. ಹೀಗಾಗಿ ತೊಟ್ಟಿಯನ್ನು ಬದಲಿಸುವವನು ಹಳೆಯ ನೀರನ್ನು ಜೋಪಾನವಾಗಿ ಒಯ್ದು, ಹಳೆಯ ಸ್ಪಂಜನ್ನು ಕೊಳಕೆಂದು ಬಿಸುಟರೆ, ಒಯ್ಯಬೇಕಾದುದನ್ನು ಬಿಟ್ಟು ಬಿಡಬೇಕಾದುದನ್ನು ಒಯ್ದಂತಾಯಿತು.

ಈ ತತ್ತ್ವವನ್ನು ಪ್ರಯೋಗದಿಂದ ಅತ್ಯಂತ ನಿಚ್ಚಳವಾಗಿ ತೋರಿಸಿದವರು ಮೀನು ಸಾಕುವವರಲ್ಲ, ಚರಂಡಿನೀರನ್ನು ಶುದ್ಧಿಮಾಡುತ್ತಿದ್ದ ರಸಾಯನಜ್ಞರು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ರೊಚ್ಚುನೀರನ್ನು ಸೀಸೆಗಳಲ್ಲಿ ತುಂಬಿ ಗಾಳಿಯನ್ನು ಊದುತ್ತ ಹೋದರು. ಮೊದಲ ಸಲ ನೈಟ್ರೀಕರಣ ಪೂರ್ಣವಾಗಲು ಸುಮಾರು ಐದು ವಾರಗಳು ಬೇಕಾದುವು. ಅವರಿಗಿಂತ ಹಿಂದಿನವರು ಆ ಘಟ್ಟದಲ್ಲಿ ಸೀಸೆಯನ್ನು ಪೂರ್ತಿಯಾಗಿ ಬರಿದುಮಾಡುತ್ತಿದ್ದರು. ಇವರು ತಿಳಿನೀರನ್ನಷ್ಟೇ ಬಸಿದು, ತಳದ ಕೆಸರನ್ನು ಹಾಗೆಯೇ ಉಳಿಸಿ, ಅದರ ಮೇಲೆ ಹೊಸ ರೊಚ್ಚನ್ನು ಸುರಿದರು. ಪ್ರತಿಸಲವೂ ಹೀಗೆಯೇ ಮಾಡುತ್ತ ಹೋದಾಗ ಕಾಲ ಕುಗ್ಗುತ್ತ ಬಂದು, ಕಡೆಗೆ ಒಂದೇ ದಿನದೊಳಗೆ ಕ್ರಿಯೆ ಪೂರ್ಣವಾಗತೊಡಗಿತು. 1914ರಲ್ಲಿ ಅವರು ಪ್ರಕಟಿಸಿದ ಈ ಪ್ರಯೋಗದಿಂದ ‘ಸಕ್ರಿಯ ಕೆಸರು’ ಎಂಬ ಶುದ್ಧೀಕರಣ ವಿಧಾನ ಹುಟ್ಟಿ ಲೋಕವ್ಯಾಪ್ತವಾಯಿತು. ಅವರನ್ನು ಈ ದಾರಿಗೆ ಹಚ್ಚಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ಗೆ ಪ್ರಾಧ್ಯಾಪಕನಾಗಿ ಬಂದನೆಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನೆಯಬಹುದು. ನೀರನ್ನು ಬದಲಿಸಿ ಕೆಸರನ್ನು ಉಳಿಸಬೇಕೆಂಬ ಅವರ ಅನುಭವಕ್ಕೂ, ಮೀನನ್ನು ಸಾಗಿಸುವಾಗ ಶೋಧಕವನ್ನು ಉಳಿಸಬೇಕೆಂಬ ನಮ್ಮ ನಿಯಮಕ್ಕೂ ಭೇದವಿಲ್ಲ.

ದೊಡ್ಡ ತೊಟ್ಟಿಯಲ್ಲಿ ನೀರು ಹೆಚ್ಚಿರುವುದರಿಂದ ಅಮೋನಿಯ ತೆಳುವಾಗಿ ಅಪಾಯ ತಪ್ಪುವುದಿಲ್ಲವೇ ಎಂಬ ಆಕ್ಷೇಪಣೆಗೆ ಲೆಕ್ಕದಿಂದಲೇ ಉತ್ತರ ಕೊಡಬಹುದು. ಗೋಲ್ಡ್ ಫಿಷ್‌ಗಳ ಗುಂಪೊಂದಕ್ಕೆ ದಿನಕ್ಕೆ 2 ಗ್ರಾಂ ಒಣಮೇವು ಹಾಕುತ್ತೇವೆಂದು ಭಾವಿಸೋಣ. ಮೇವಿನ ತೂಕದಲ್ಲಿ ನೂರಕ್ಕೆ 40ರಷ್ಟು ಪ್ರೋಟೀನು ಇದ್ದರೆ, ಸಾಮಾನ್ಯವಾಗಿ ಅದರಿಂದ ಗ್ರಾಮಿಗೆ ಸುಮಾರು 30 ಮಿಲಿಗ್ರಾಂ ಸಾರಜನಕ ಅಮೋನಿಯವಾಗಿ ನೀರಿಗೆ ಸೇರುತ್ತದೆ. ಎಂದರೆ ದಿನಕ್ಕೆ 60 ಮಿಲಿಗ್ರಾಂ. ಜೀವಾಣುಗಳೇ ಇಲ್ಲದಿದ್ದರೆ 40 ಲೀಟರಿನ ತೊಟ್ಟಿಯಲ್ಲಿ ಅದು ದಿನವೂ ಲೀಟರಿಗೆ 1.5 ಮಿಲಿಗ್ರಾಮಿನಂತೆ ಏರುತ್ತದೆ. ನಾಲ್ಕು ಪಟ್ಟು ದೊಡ್ಡದಾದ 160 ಲೀಟರಿನ ತೊಟ್ಟಿಯಲ್ಲಿ ಲೀಟರಿಗೆ ಸುಮಾರು 0.38 ಮಿಲಿಗ್ರಾಮಿನಂತೆ. ಏರಿಕೆಯ ವೇಗ ತಗ್ಗಿತೇ ಹೊರತು ಏರಿಕೆ ನಿಲ್ಲಲಿಲ್ಲ.

ಈ ಅಂಕಿಗಳು ಎಷ್ಟು ಅಪಾಯಕರವೆಂಬುದು ನೀರಿನ ಪಿ.ಎಚ್. ಮತ್ತು ಉಷ್ಣತೆಗಳನ್ನು ಅವಲಂಬಿಸಿದೆ. ನೀರಿನಲ್ಲಿ ಅಮೋನಿಯ ಎರಡು ರೂಪಗಳಲ್ಲಿರುತ್ತದೆ: ವಿದ್ಯುದಂಶವನ್ನು ಹೊತ್ತ ಅಮೋನಿಯಂ ಅಯಾನು ಒಂದು, ಯಾವ ಅಂಶವನ್ನೂ ಹೊರದ ಅಮೋನಿಯ ಅಣು ಮತ್ತೊಂದು. ಕಿವಿರಿನ ಪೊರೆಯನ್ನು ಸುಲಭವಾಗಿ ದಾಟಬಲ್ಲುದು ಎರಡನೆಯದು. ವಿಷತ್ವವೂ ಬಹುಮಟ್ಟಿಗೆ ಅದರದೇ. 25 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಪಿ.ಎಚ್. 7 ಇದ್ದರೆ ಒಟ್ಟು ಅಮೋನಿಯದ ನೂರರಲ್ಲಿ ಸುಮಾರು 0.6 ಭಾಗ ಮಾತ್ರ ಈ ಎರಡನೆಯ ರೂಪದಲ್ಲಿರುತ್ತದೆ. ಪಿ.ಎಚ್. 8 ಆದರೆ ಅದು 5.4 ಭಾಗ; 9 ಆದರೆ 36 ಭಾಗ. ಅಣುರೂಪದ ಅಮೋನಿಯ ಲೀಟರಿಗೆ 0.02 ಮಿಲಿಗ್ರಾಮನ್ನು ಮೀರದಂತಿರುವುದು ಕ್ಷೇಮವೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಈ ಮಿತಿಯನ್ನು ಮುಟ್ಟಲು ಪಿ.ಎಚ್. 8ರ ನೀರಿನಲ್ಲಿ ಒಟ್ಟು ಅಮೋನಿಯ 0.37 ಮಿಲಿಗ್ರಾಂ ಆದರೆ ಸಾಕು. ಎಂದರೆ ನಮ್ಮ 40 ಲೀಟರಿನ ತೊಟ್ಟಿ ಆರು ಗಂಟೆಗಳಲ್ಲಿ, 160 ಲೀಟರಿನದು ಒಂದು ದಿನದಲ್ಲಿ ಅಪಾಯದ ಅಂಚಿಗೆ ಬಂದು ನಿಲ್ಲುತ್ತದೆ. ತೊಟ್ಟಿಯನ್ನು ನಾಲ್ಕು ಪಟ್ಟು ಹಿಗ್ಗಿಸಿದುದರಿಂದ ದೊರೆತ ಲಾಭ ಹದಿನೆಂಟು ಗಂಟೆಗಳ ಕಾಲಾವಕಾಶ! ಅದೇ ನೀರಿನ ಪಿ.ಎಚ್. 7 ಇದ್ದಿದ್ದರೆ ದೊಡ್ಡ ತೊಟ್ಟಿಗೆ ಒಂಬತ್ತು ದಿನಗಳ ಬಿಡುವು ಸಿಗುತ್ತಿತ್ತು. ಒಬ್ಬರ ಮೀನುಗಳು ಉಳಿದು, ಅದೇ ರೀತಿ ನಡೆದುಕೊಂಡ ಇನ್ನೊಬ್ಬರವು ಅಳಿಯುವುದಕ್ಕೆ ಅನೇಕ ವೇಳೆ ಇದೇ ಕಾರಣ.

ಈ ಪಿ.ಎಚ್. ವಿಷಯದಲ್ಲಿ ನಮ್ಮ ಬಯಲುಸೀಮೆಯವರು ವಿಶೇಷ ಎಚ್ಚರ ವಹಿಸಬೇಕಾಗಿದೆ. ಕೊಳವೆ ಬಾವಿಯ ಗಡಸುನೀರಿನಲ್ಲಿ ಇಂಗಾಲದ ಡೈ ಆಕ್ಸೈಡು ಕರಗಿರುತ್ತದೆ. ಆಗತಾನೆ ಎತ್ತಿದ ನೀರನ್ನು ಪರೀಕ್ಷಿಸಿದರೆ ಪಿ.ಎಚ್. 7ರ ಆಸುಪಾಸಿನಲ್ಲಿರಬಹುದು. ಅದೇ ನೀರಿಗೆ ಒಂದು ರಾತ್ರಿ ಗಾಳಿಯನ್ನು ಊದಿದರೆ ಅನಿಲ ಹೊರಟುಹೋಗಿ ಪಿ.ಎಚ್. 8ನ್ನು ದಾಟುವುದುಂಟು. ಆದಕಾರಣ ಗಾಳಿಯಾಡಿಸಿದ ಮರುದಿನದ ಅಳತೆಯನ್ನೇ ನಂಬತಕ್ಕದ್ದು. ಹಳೆಯ ತೊಟ್ಟಿಯಲ್ಲಿ ಇದಕ್ಕೆ ವಿರುದ್ಧವಾದ ಸ್ಥಿತಿಯಿರುತ್ತದೆ. ಒಂದು ಗ್ರಾಂ ಅಮೋನಿಯ-ಸಾರಜನಕ ನೈಟ್ರೇಟಾಗಲು 4.57 ಗ್ರಾಂ ಆಮ್ಲಜನಕವೂ, ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ 7.14 ಗ್ರಾಂ ಕ್ಷಾರತ್ವವೂ ವ್ಯಯವಾಗುತ್ತವೆ. ಮೇಲಿನ ಉದಾಹರಣೆಯ ಚಿಕ್ಕ ತೊಟ್ಟಿಯಲ್ಲಿ ಇದರಿಂದ ದಿನವೂ ಲೀಟರಿಗೆ 10 ಮಿಲಿಗ್ರಾಮಿಗೂ ಹೆಚ್ಚು ಕ್ಷಾರತ್ವ ಸವೆಯುತ್ತದೆ. ನೀರನ್ನು ಬಹುದಿನ ಬದಲಿಸದಿದ್ದರೆ ತೊಟ್ಟಿ ಆಮ್ಲೀಯವಾಗಿ, ಜೀವಾಣುಗಳ ಕೆಲಸ ಮಂದವಾಗಿ, ಅಮೋನಿಯ ಶೇಖರವಾಗತೊಡಗುತ್ತದೆ. ಆಮ್ಲೀಯ ನೀರಿನಲ್ಲಿ ಅದು ಅಯಾನಿನ ರೂಪದಲ್ಲಿರುವುದರಿಂದ ಮೀನುಗಳಿಗೆ ಕೂಡಲೇ ತೊಂದರೆ ತೋರದು. ಇಂತಹ ನೀರನ್ನು ಪಿ.ಎಚ್. ಹೆಚ್ಚಿರುವ ಹೊಸ ನೀರಿಗೆ ಬೆರೆಸಿದರೆ ನಿದ್ರಿಸುತ್ತಿದ್ದ ಅಮೋನಿಯ ಎಚ್ಚರಗೊಳ್ಳುತ್ತದೆ. ಹಳೆಯ ನೀರನ್ನು ಒಯ್ಯಬಾರದೆಂಬುದಕ್ಕೆ ಇದು ಎರಡನೆಯ ಕಾರಣ. ಸಾಗಿಸುವುದಕ್ಕೆ ಎರಡು ಮೂರು ವಾರ ಮೊದಲಿನಿಂದ ಹಳೆಯ ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸುತ್ತ ಬಂದು, ಎರಡೂ ನೀರುಗಳ ಗುಣವನ್ನು ಹತ್ತಿರ ತಂದಿಟ್ಟುಕೊಳ್ಳುವುದು ಉತ್ತಮ.

ಅಂಗಡಿಯಿಂದ ಅಥವಾ ದೂರದ ಊರಿನಿಂದ ಮುಚ್ಚಿದ ಚೀಲದಲ್ಲಿ ಬರುವ ಮೀನುಗಳ ವಿಷಯದಲ್ಲಿಯೂ ಇದೇ ನ್ಯಾಯ. ಚೀಲದಲ್ಲಿ ಉಸಿರಿನ ಇಂಗಾಲದ ಡೈ ಆಕ್ಸೈಡು ತುಂಬಿ ಪಿ.ಎಚ್. ಇಳಿದಿರುತ್ತದೆ, ಅಮೋನಿಯ ಏರಿರುತ್ತದೆ. ಬಾಯಿ ಬಿಚ್ಚಿ ಗಂಟೆಗಟ್ಟಲೆ ಹೊಸ ನೀರನ್ನು ಹನಿಸುತ್ತ ಕುಳಿತರೆ, ಒಗ್ಗಿಸುವ ನೆಪದಲ್ಲಿ ಮೀನನ್ನು ಅಣುರೂಪದ ಅಮೋನಿಯದಲ್ಲಿ ಅದ್ದಿಟ್ಟಂತಾಗುತ್ತದೆ. ಮುಚ್ಚಿದ ಚೀಲವನ್ನೇ ತೇಲಬಿಟ್ಟು ಉಷ್ಣತೆಯನ್ನು ಸರಿದೂಗಿಸಿ, ಬಿಚ್ಚಿದ ಮೇಲೆ ತಡಮಾಡದೆ ಮೀನನ್ನು ಮಾತ್ರ ಬಲೆಯಿಂದ ತೆಗೆದು ಬಿಡುವುದು ಲೇಸು.

ಇನ್ನು ಶೋಧಕದ ಸಾಗಣೆ. ಹಳೆಯ ಶೋಧಕವನ್ನು ಇದ್ದಹಾಗೆಯೇ ಹೊಸ ತೊಟ್ಟಿಯಲ್ಲಿ ಕೆಲಸಕ್ಕೆ ಹಚ್ಚುವುದು ಎಲ್ಲಕ್ಕಿಂತ ಸುಲಭವಾದ ಉಪಾಯ. ಅದರ ಸ್ಪಂಜನ್ನು ನಲ್ಲಿಯ ನೀರಿನಲ್ಲಿ ತೊಳೆಯಕೂಡದು. ಕ್ಲೋರಿನು ಮೀನಿಗೆ ಹೇಗೋ ಜೀವಾಣುಗಳಿಗೂ ಹಾಗೆಯೇ. ಕಟ್ಟಿಕೊಂಡಿದ್ದರೆ ಹಳೆಯ ತೊಟ್ಟಿಯಿಂದ ತೆಗೆದ ನೀರಿನಲ್ಲಿ ಒಂದೆರಡು ಸಲ ಮೆಲ್ಲಗೆ ಹಿಂಡಬಹುದು. ಸಾಗಿಸುವಾಗ ಒಣಗಬಾರದು, ಅಂತೆಯೇ ಮುಚ್ಚಿದ ಡಬ್ಬಿಯಲ್ಲಿ ನೀರಿನೊಳಗೆ ಗಂಟೆಗಟ್ಟಲೆ ಮುಳುಗಿಸಿಡಲೂ ಬಾರದು. ಅಲ್ಲಿ ಆಮ್ಲಜನಕ ಬೇಗ ಬರಿದಾಗಿ ಪದರ ಸಾಯತೊಡಗುತ್ತದೆ. ನೀರು ಸುರಿಯುವಷ್ಟು ಒದ್ದೆಯಾಗಿ, ಗಾಳಿ ತಾಗುವಂತೆ ಅಗಲವಾದ ಪಾತ್ರೆಯಲ್ಲಿಟ್ಟು ಬೇಗನೆ ಒಯ್ಯುವುದು ಯುಕ್ತ. ದೀರ್ಘಕಾಲ ವಿದ್ಯುತ್ತು ನಿಂತಾಗ ಮುಚ್ಚಿದ ಶೋಧಕಗಳಿಗೆ ಒದಗುವ ಕೇಡೂ ಇದೇ.

ಹೊಸ ಶೋಧಕವನ್ನೇ ಬಳಸಬೇಕೆನ್ನುವವರು ಅದನ್ನು ನಾಲ್ಕಾರು ವಾರ ಮೊದಲೇ ಹಳೆಯ ತೊಟ್ಟಿಯಲ್ಲಿ ಹಳೆಯದರ ಜೊತೆಗೆ ನಡೆಸುತ್ತಾರೆ. ಇದು ಒಳ್ಳೆಯ ಪದ್ಧತಿ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಜೀವಾಣುಗಳ ಸಂಖ್ಯೆ ನಿರ್ಧಾರವಾಗುವುದು ಶೋಧಕಗಳ ಸಂಖ್ಯೆಯಿಂದಲ್ಲ, ಅವಕ್ಕೆ ದೊರೆಯುವ ಅಮೋನಿಯದಿಂದ. ಎರಡು ಶೋಧಕಗಳಿದ್ದರೆ ಇದ್ದ ಜೀವಾಣುಗಳು ಎರಡರಲ್ಲೂ ಹಂಚಿಹೋಗುತ್ತವೆ, ಇಮ್ಮಡಿಯಾಗುವುದಿಲ್ಲ. ಹೊಸದನ್ನು ಮಾತ್ರ ಒಯ್ದು ಹಳೆಯದನ್ನು ಕಳೆದರೆ ಸೈನ್ಯದ ಅರ್ಧವನ್ನು ಹಿಂದೆ ಬಿಟ್ಟಂತೆಯೇ. ಇಮ್ಮಡಿಯಾಗಲು ಕೆಲವು ದಿನಗಳು ಸಾಲುವುದರಿಂದ ಇದು ಮಹಾನಷ್ಟವಲ್ಲ; ಆ ದಿನಗಳಲ್ಲಿ ಮೇವನ್ನು ಅರ್ಧಕ್ಕೆ ಇಳಿಸಿದರೆ ಲೆಕ್ಕ ಸರಿಹೋಗುತ್ತದೆ. ಇದೇ ತರ್ಕದಿಂದ ಇನ್ನೊಂದು ಅಂಶವೂ ಹೊರಡುತ್ತದೆ. ತೊಟ್ಟಿ ದೊಡ್ಡದಾಯಿತೆಂದು ಹೆಚ್ಚು ಜೀವಾಣುಗಳು ಬೇಕಾಗುವುದಿಲ್ಲ. ಮೀನು ಅಷ್ಟೇ, ಮೇವು ಅಷ್ಟೇ ಇದ್ದಲ್ಲಿ ಹಳೆಯ ಶೋಧಕವೊಂದೇ ದೊಡ್ಡ ತೊಟ್ಟಿಗೂ ಬಹುಮಟ್ಟಿಗೆ ಸಾಕು. ತೊಂದರೆ ಬರುವುದು ವಿಶಾಲವಾದ ನೀರನ್ನು ಕಂಡು ಅದೇ ದಿನ ಇನ್ನೂ ಹತ್ತು ಮೀನುಗಳನ್ನು ತಂದು ಬಿಡುವ ಉತ್ಸಾಹದಿಂದ.

ಜಲ್ಲಿಯ ವಿಷಯದಲ್ಲಿ ಒಂದೇ ಮಾತು ಹೇಳಲಾಗುವುದಿಲ್ಲ. ಅದರ ಮೇಲೆಯೂ ಜೀವಾಣುಗಳುಂಟು. ಆದರೆ ಅದರ ಸಂದುಗಳಲ್ಲಿ ಕೊಳೆಯುತ್ತಿರುವ ಮೇವೂ ಹಿಕ್ಕೆಯೂ ಕೂಡ ಇವೆ. ಕದಡಿದರೆ ಕೊಳೆ ನೀರಿಗೆ ಸೇರಿ ಹೊಸ ಅಮೋನಿಯದ ಮೂಲವಾಗುತ್ತದೆ. ದಪ್ಪನಾಗಿ ಹಾಸಿದ ಜಲ್ಲಿಯ ತಳದಿಂದ ಕೊಳೆತ ಮೊಟ್ಟೆಯ ವಾಸನೆಯ ಅನಿಲ ಏಳುವುದೂ ಉಂಟು. ಆದ್ದರಿಂದ ಮೀನುಗಳನ್ನು ತೆಗೆದ ಮೇಲೆಯೇ ಜಲ್ಲಿಯನ್ನು ಕೆದಕಬೇಕು. ಮೇಲ್ಪದರವನ್ನು ಹಳೆಯ ನೀರಿನಲ್ಲಿ ಜಾಲಾಡಿ ಒಯ್ದರೆ ಸಾಕು.

ಹೊಸ ನೀರಿನ ಕ್ಲೋರಿನನ್ನು ಸೋಡಿಯಂ ಥಯೊಸಲ್ಫೇಟಿನಿಂದ ಕಳೆಯಬಹುದು. ನೀರಿನಲ್ಲಿ ಕ್ಲೋರಮೀನು ಇದ್ದರೆ ಥಯೊಸಲ್ಫೇಟು ಅದನ್ನು ಒಡೆದಾಗ ಅಮೋನಿಯ ಉಳಿಯುತ್ತದೆಂಬುದನ್ನು ಮರೆಯಬಾರದು. ಸಾಗಿಸುವ ಹಿಂದಿನ ದಿನ ಮೀನುಗಳಿಗೆ ಉಪವಾಸ. ಅನಂತರ ಒಂದೆರಡು ದಿನ ಅರೆಹೊಟ್ಟೆ. ಬೆಳೆದ ಮೀನು ಒಂದೆರಡು ದಿನ ಮೇವಿಲ್ಲದೆ ಕೆಡುವುದಿಲ್ಲ. ಬಾಟಲಿಗಳಲ್ಲಿ ಮಾರಾಟವಾಗುವ ಜೀವಾಣು ದ್ರವಗಳ ಗುಣ ಅವನ್ನು ಹೇಗೆ ಕಾಪಿಟ್ಟಿದ್ದರೆಂಬುದನ್ನು ಅವಲಂಬಿಸಿರುತ್ತದೆ. ಹಳೆಯ ಸ್ಪಂಜು ಕೈಯಲ್ಲಿರುವವನಿಗೆ ಅವುಗಳ ಅಗತ್ಯ ಕಾಣುವುದಿಲ್ಲ.

ಸಾಗಿಸಿದ ಮೇಲೆ ಎರಡು ವಾರ ಪ್ರತಿದಿನವೂ ನೀರನ್ನು ಪರೀಕ್ಷಿಸುವುದು ಅವಶ್ಯ. ಕಾಲೇಜಿನ ಪ್ರಯೋಗಶಾಲೆಯಲ್ಲಿ ನೆಸ್ಲರನ ಕಾರಕ ದೊರೆಯುತ್ತದೆ. ಅಮೋನಿಯದೊಡನೆ ಅದು ಹಳದಿಯಿಂದ ಕಂದುಬಣ್ಣವನ್ನು ಕೊಡುತ್ತದೆ. ಗಡಸುನೀರಿನಲ್ಲಿ ಅದು ಬಗ್ಗಡವಾಗುವುದರಿಂದ ಮೊದಲು ರೋಷೆಲ್ ಲವಣವನ್ನು ಸೇರಿಸಬೇಕು. ಅದರಲ್ಲಿ ಪಾದರಸವಿರುವುದರಿಂದ ಉಳಿದುದನ್ನು ತೊಟ್ಟಿಗಾಗಲಿ ಚರಂಡಿಗಾಗಲಿ ಚೆಲ್ಲಕೂಡದು. ಹಸುರುಬಣ್ಣ ಕೊಡುವ ಸ್ಯಾಲಿಸಿಲೇಟ್ ಪರೀಕ್ಷೆ ಈ ದೃಷ್ಟಿಯಿಂದ ಮೇಲು. ಯಾವ ಪರೀಕ್ಷೆಯೇ ಆಗಲಿ ಒಟ್ಟು ಅಮೋನಿಯವನ್ನು ಅಳೆಯುತ್ತದೆ, ಪಿ.ಎಚ್. ಮತ್ತು ಉಷ್ಣತೆಗಳನ್ನು ಜೊತೆಯಲ್ಲಿ ಬರೆದಿಡದಿದ್ದರೆ ಆ ಅಂಕಿಯಿಂದ ಪ್ರಯೋಜನ ಕಡಿಮೆ. ಫಲಿತಾಂಶ ಸಾರಜನಕದ ಲೆಕ್ಕದಲ್ಲಿದೆಯೋ ಅಮೋನಿಯದ ಲೆಕ್ಕದಲ್ಲಿದೆಯೋ ಎಂಬುದನ್ನೂ ನೋಡಿಕೊಳ್ಳಬೇಕು. ಎರಡಕ್ಕೂ ಸುಮಾರು 1.2ರ ಅಂತರವಿದೆ.

ಅಮೋನಿಯ ಕಾಣಿಸಿಕೊಂಡರೆ ಮೇವನ್ನು ನಿಲ್ಲಿಸಿ, ಕ್ಲೋರಿನ್ ಕಳೆದ ನೀರಿನಿಂದ ತೊಟ್ಟಿಯ ಮೂರನೆಯ ಒಂದು ಭಾಗವನ್ನೋ ಅರ್ಧವನ್ನೋ ಬದಲಿಸುವುದೇ ಸರಿಯಾದ ಚಿಕಿತ್ಸೆ. ನೀರು ಬದಲಿಸಿದರೆ ಜೀವಾಣುಗಳು ನಷ್ಟವಾಗುವುವೆಂಬ ಭಯಕ್ಕೆ ಆಧಾರವಿಲ್ಲ, ಅವು ನೀರಿನಲ್ಲಿಲ್ಲವಷ್ಟೆ. ಅಂತರಗಂಗೆಯಂತಹ ತೇಲುವ ಗಿಡಗಳು ಅಮೋನಿಯಂ ಅಯಾನನ್ನು ನೇರವಾಗಿ ಹೀರಿಕೊಂಡು ನೆರವಾಗುತ್ತವೆ. ಜಿಯೊಲೈಟ್ ಎಂಬ ಖನಿಜವೂ ಅದನ್ನು ಹಿಡಿದಿಡುತ್ತದೆ; ಆದರೆ ಉಪ್ಪು ಬಿದ್ದರೆ ಹಿಡಿದುದನ್ನು ಮರಳಿ ಬಿಟ್ಟುಕೊಡುತ್ತದೆ. ಈ ಎಚ್ಚರಿಕೆ ಏಕೆಂದರೆ ಮುಂದಿನ ಹಂತದಲ್ಲಿ ಉಪ್ಪೇ ಔಷಧವಾಗಿ ಬರುತ್ತದೆ. ಅಮೋನಿಯ ಇಳಿಯುತ್ತಿರುವಂತೆಯೇ ನೈಟ್ರೈಟು ಏರಬಹುದು. ಎರಡನೆಯ ಹಂತದ ಜೀವಾಣುಗಳು ತಡವಾಗಿ ವೃದ್ಧಿಯಾಗುತ್ತವೆ. ನೈಟ್ರೈಟು ರಕ್ತದ ಹೀಮೋಗ್ಲೋಬಿನ್ನನ್ನು ಆಮ್ಲಜನಕ ಹೊರಲಾರದ ಕಂದುವಸ್ತುವಾಗಿ ಕೆಡಿಸುತ್ತದೆ. ಅದು ಕಿವಿರಿನಲ್ಲಿ ಕ್ಲೋರೈಡು ಒಳಬರುವ ದಾರಿಯಿಂದಲೇ ಒಳಸೇರುವುದರಿಂದ, ನೀರಿಗೆ ಸ್ವಲ್ಪ ಅಡಿಗೆಯುಪ್ಪನ್ನು ಸೇರಿಸಿದರೆ ಕ್ಲೋರೈಡು ಸ್ಪರ್ಧಿಸಿ ಅದನ್ನು ತಡೆಯುತ್ತದೆ.

ಸಾಗಿಸುವ ಮೊದಲೇ ಹೊಸ ತೊಟ್ಟಿಯ ಸಾಮರ್ಥ್ಯವನ್ನು ಪರೀಕ್ಷಿಸಬೇಕೆನ್ನುವ ವಿದ್ಯಾರ್ಥಿಗಳಿಗೆ ಒಂದು ಸರಳ ಪ್ರಯೋಗವುಂಟು. ಮೀನುಗಳಿಲ್ಲದ 160 ಲೀಟರಿನ ತೊಟ್ಟಿಯಲ್ಲಿ ಪಕ್ವವಾದ ಸ್ಪಂಜನ್ನಿಟ್ಟು ಗಾಳಿಯಾಡಿಸುತ್ತ, 1.2 ಗ್ರಾಂ ಅಮೋನಿಯಂ ಕ್ಲೋರೈಡನ್ನು ಕರಗಿಸಿದರೆ ಲೀಟರಿಗೆ ಸುಮಾರು 2 ಮಿಲಿಗ್ರಾಂ ಸಾರಜನಕ ಒದಗುತ್ತದೆ. ಆರು ಗಂಟೆಗಳಿಗೊಮ್ಮೆ ಅಮೋನಿಯ ಮತ್ತು ನೈಟ್ರೈಟುಗಳನ್ನು ಅಳೆದು ಗೆರೆಚಿತ್ರ ಬರೆಯಬೇಕು. ನಮ್ಮ ಉದಾಹರಣೆಯ ಮೀನುಗಳು ದಿನಕ್ಕೆ ಉತ್ಪಾದಿಸುವುದು ಲೀಟರಿಗೆ 0.38 ಮಿಲಿಗ್ರಾಂ ಆದುದರಿಂದ, ದಿನದಲ್ಲಿ ಅಮೋನಿಯ ಅದಕ್ಕಿಂತ ಹೆಚ್ಚು ಇಳಿದು, ನೈಟ್ರೈಟೂ ನಿಲ್ಲದೆ ಮುಂದೆ ಸಾಗುತ್ತಿದ್ದರೆ ತೊಟ್ಟಿ ಮೀನುಗಳಿಗೆ ಸಿದ್ಧವಾಗಿದೆಯೆಂದು ತಿಳಿಯಬಹುದು. ಪ್ರಯೋಗ ಮುಗಿದೊಡನೆ ನೀರಿನ ಬಹುಭಾಗವನ್ನು ಬದಲಿಸಿ, ಅಮೋನಿಯ ಉಳಿದಿಲ್ಲವೆಂದು ಖಚಿತಪಡಿಸಿಕೊಂಡು, ಅದೇ ದಿನ ಮೀನುಗಳನ್ನು ಬಿಡತಕ್ಕದ್ದು. ತಡವಾದರೆ ಉಣಿಸಿಲ್ಲದೆ ಜೀವಾಣುಗಳ ಚಟುವಟಿಕೆ ಕುಗ್ಗತೊಡಗುತ್ತದೆ.